ಸಿಲಿಂಡರ್ ಹೆಡ್ ಬದಲಾವಣೆ: ರಾಕರ್ ಆರ್ಮ್ ಹೊಂದಾಣಿಕೆ ಅಗತ್ಯ

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗಿನ 61 ದಿನಗಳ ಯಾಂತ್ರೀಕೃತ ಮೀನುಗಾರಿಕಾ ನಿಷೇಧದ ಅವಧಿಯು ಮಲ್ಪೆಯ ದೋಣಿ ಮಾಲಕರಿಗೆ ಎಂಜಿನ್ ದುರಸ್ತಿಯ ಕಾಲವೂ ಹೌದು. ಈ ಸಂದರ್ಭದಲ್ಲಿ ಸುಧಾರಿತ ಸಿಲಿಂಡರ್ ಹೆಡ್ ಅಳವಡಿಸುವವರು ಹಳೆಯ ರಾಕರ್ ಆರ್ಮ್‌ಗಳನ್ನೇ ಉಳಿಸಿಕೊಳ್ಳುವುದುಂಟು. ಅವು ಹೊಂದಿಕೆಯಾಗದಿದ್ದಲ್ಲಿ ಉಳಿತಾಯಕ್ಕಿಂತ ನಷ್ಟವೇ ಅಧಿಕ. ಕಾರ್ಕಳದ ಕಲ್ಲು ಸಾಗಾಟದ ಲಾರಿಗಳಿಗೂ, ಉಡುಪಿಯಿಂದ ಮಣಿಪಾಲ, ಕಾಪುವಿಗೆ ಸಂಚರಿಸುವ ಬಸ್ಸುಗಳಿಗೂ ಈ ಮಾತು ಅನ್ವಯಿಸುತ್ತದೆ.

ಪುಶ್ ರಾಡ್ ಇರುವ ಎಂಜಿನ್ನಿನಲ್ಲಿ ಕ್ಯಾಮ್‌ನ ಚಲನೆಯನ್ನು ವಾಲ್ವಿಗೆ ತಲುಪಿಸುವ ಸನ್ನೆಯೇ ರಾಕರ್ ಆರ್ಮ್. ಉದಾಹರಣೆಗೆ, ಕ್ಯಾಮ್ 8 ಮಿ.ಮೀ. ಎತ್ತಿದಾಗ ರಾಕರ್‌ನ ಅನುಪಾತ 1.5 ಇದ್ದರೆ, ಟ್ಯಾಪೆಟ್ ಅಂತರ ಕಳೆಯುವ ಮೊದಲು, ವಾಲ್ವ್ 12 ಮಿ.ಮೀ. ತೆರೆಯುತ್ತದೆ; 1.6 ಇದ್ದರೆ 12.8 ಮಿ.ಮೀ. ಈ 0.8 ಮಿ.ಮೀ. ಅಧಿಕ ಚಲನೆಯಿಂದ ವಾಲ್ವ್ ಪಿಸ್ಟನ್ನಿಗೆ ತಗಲಬಹುದು. ಸ್ಪ್ರಿಂಗ್ ಸುರುಳಿಗಳು ಒಂದಕ್ಕೊಂದು ಒತ್ತಿ ಪುಶ್ ರಾಡ್ ಬಾಗಲೂಬಹುದು.

ಆದುದರಿಂದ ಖರೀದಿಗೆ ಮುನ್ನ ರಾಕರ್‌ನ ಅನುಪಾತ, ಶಾಫ್ಟ್ ಆಧಾರದ ಎತ್ತರ ಮತ್ತು ಪುಶ್ ರಾಡ್‌ನ ಉದ್ದವನ್ನು ಹೊಸ ಹೆಡ್ಡಿನೊಂದಿಗೆ ತಾಳೆ ನೋಡಬೇಕು. ಎಣ್ಣೆಯ ರಂಧ್ರಗಳು ನೇರವಾಗಿ ಕೂಡದಿದ್ದಲ್ಲಿ ಶಾಫ್ಟ್ ಬೇಗನೆ ಸವೆಯುತ್ತದೆ. ವಾಲ್ವಿನ ತುದಿಗೆ ಬಣ್ಣ ಹಚ್ಚಿ ಪರೀಕ್ಷಿಸಿದಾಗ ರಾಕರ್‌ನ ಗುರುತು ಮಧ್ಯಭಾಗದಲ್ಲಿಯೇ ಮೂಡಬೇಕು.

ಟ್ಯಾಪೆಟ್ ಅಂತರವನ್ನು ತಯಾರಕರ ಕೈಪಿಡಿಯಂತೆ ಹೊಂದಿಸಿದ ಬಳಿಕ ಎಂಜಿನ್ನನ್ನು ಕೈಯಿಂದ ಎರಡು ಪೂರ್ಣ ಸುತ್ತು ತಿರುಗಿಸಿರಿ. ಎಲ್ಲಿಯಾದರೂ ತಡೆ ಕಂಡುಬಂದಲ್ಲಿ ಬಲ ಪ್ರಯೋಗಿಸದೆ ಕಾರಣವನ್ನು ಹುಡುಕಿರಿ. ಬಂದರಿನಲ್ಲಿ ಕಳೆಯುವ ಈ ಅರ್ಧ ದಿನವು ನಡುಗಡಲಿನಲ್ಲಿ ಎಂಜಿನ್ ನಿಲ್ಲುವ ಅಪಾಯವನ್ನು ತಪ್ಪಿಸೀತು.