ಬರೆಯುವವರಿಗೂ ಬೇಕು ಒಂದು ಕಿರ್ದಿ ಪುಸ್ತಕ

ದೀಪಾವಳಿ ಪಾಡ್ಯದಂದು ನಮ್ಮೂರಿನ ಅಂಗಡಿಗಳಲ್ಲಿ ಹೊಸ ಕಿರ್ದಿ ಪುಸ್ತಕಕ್ಕೆ ಅರಿಸಿನ ಕುಂಕುಮ ಹಚ್ಚಿ ಪೂಜೆ ಮಾಡುತ್ತಾರೆ. ಅದೇ ಹಬ್ಬದ ವಿಶೇಷಾಂಕಗಳಿಗೆ ಕತೆ, ಲೇಖನ, ಅನುವಾದ ಮಾಡಿಕೊಟ್ಟ ನಾವು ಮಾತ್ರ ಯಾರಿಂದ ಎಷ್ಟು ಬರಬೇಕೆಂಬುದನ್ನು ನೆನಪಿಗೆ ಬಿಟ್ಟಿರುತ್ತೇವೆ. ನಾನೂ ಹಲವು ವರ್ಷ ಹಾಗೇ ನಡೆಸಿದೆ. ಒಮ್ಮೆ ಅನುವಾದದ ಬಾಕಿ ಕೇಳಲು ಪ್ರಕಾಶಕರೊಬ್ಬರಿಗೆ ಫೋನ್ ಮಾಡಿದಾಗ ಅವರು "ಎಷ್ಟು ಅಂತ ಮಾತಾಗಿತ್ತು ಸರ್?" ಎಂದರು. ಆ ಪ್ರಶ್ನೆಯಲ್ಲಿ ಮೋಸವಿರಲಿಲ್ಲ. ಅವರಿಗೂ ಮರೆತಿತ್ತು, ನನಗೂ ಮರೆತಿತ್ತು. ಅಂದು ಸಂಜೆಯೇ 200 ಪುಟದ ಒಂದು ನೋಟ್‌ಬುಕ್ ತಂದು ಗೆರೆ ಎಳೆದೆ.

ಅದರ ಕಾಲಂಗಳು ಇಷ್ಟೇ: ಕೇಳಿದ ದಿನ, ಕೇಳಿದವರು, ಬರಹ, ಪದಗಳ ಸಂಖ್ಯೆ, ಒಪ್ಪಿದ ಮೊತ್ತ, ಕೊಟ್ಟ ಹಕ್ಕು, ಕಳಿಸಿದ ದಿನ, ಪ್ರಕಟವಾದ ದಿನ, ಬಿಲ್ ಸಂಖ್ಯೆ, ಬಂದ ಹಣ. ಕಂಪ್ಯೂಟರಿನಲ್ಲಿ ಎಕ್ಸೆಲ್ ಹಾಳೆಯಾದರೂ ಸರಿ. ಈ ಒಂದೊಂದು ಕಾಲಂ ತುಂಬಬೇಕಾದರೆ ಏನೇನು ತಿಳಿದಿರಬೇಕು, ನೋಡೋಣ.

ಒಪ್ಪುವ ಮುನ್ನ ನಾಲ್ಕು ಸಾಲು

ಕನ್ನಡದಲ್ಲಿ ಬರಹದ ಕೋರಿಕೆ ಬಹುಮಟ್ಟಿಗೆ ಫೋನಿನಲ್ಲೇ ಬರುತ್ತದೆ. ಮಾತು ಮುಗಿದ ಮೇಲೆ ಅದನ್ನೇ ವಾಟ್ಸ್ಆ್ಯಪ್ ಅಥವಾ ಇಮೇಲಿನಲ್ಲಿ ಬರೆದು ಕಳಿಸಿ. ನಾನು ಕಳಿಸುವುದು ಹೀಗಿರುತ್ತದೆ:

"ಮೇಡಂ, ಬೆಳಿಗ್ಗೆ ಮಾತಾಡಿದಂತೆ ಕೆರೆಗಳ ಕುರಿತ ಲೇಖನ, 1,200 ಪದ, ಇದೇ 25ರೊಳಗೆ ಕಳಿಸುತ್ತೇನೆ. ಸಂಭಾವನೆ 2,500 ರೂಪಾಯಿ, ಪ್ರಕಟವಾದ 30 ದಿನದೊಳಗೆ. ಒಮ್ಮೆ ತಿದ್ದಿಕೊಡುವುದು ಇದರಲ್ಲೇ ಸೇರಿದೆ. ಪತ್ರಿಕೆಯಲ್ಲಿ ಒಮ್ಮೆ ಪ್ರಕಟಿಸುವ ಹಕ್ಕು ನಿಮ್ಮದು. ಸರಿಯಿದ್ದರೆ ಒಂದು ಸಾಲು ಬರೆಯಿರಿ."

ಇದರಿಂದ ಸಂಪಾದಕರಿಗೆ ಬೇಸರವಾಗುತ್ತದೆಂದು ಮೊದಲು ಅಂಜಿದ್ದೆ. ಆದದ್ದು ಬೇರೆ. ಲೆಕ್ಕದ ವಿಭಾಗಕ್ಕೆ ಹೇಳಲು ಅವರಿಗೂ ಈ ಸಾಲುಗಳೇ ಬೇಕಿದ್ದವು.

ಅನುವಾದವಾದರೆ ಇನ್ನೊಂದು ಎಚ್ಚರ. ದರ ಮೂಲದ ಪದಗಳಿಗೋ ಕನ್ನಡದ ಪದಗಳಿಗೋ ಎಂದು ಮೊದಲೇ ಕೇಳಿಕೊಳ್ಳಿ. ಇಂಗ್ಲಿಷಿನ "ಇನ್ ಮೈ ಹೌಸ್" ಮೂರು ಪದ. ನಮ್ಮ "ನನ್ನ ಮನೆಯಲ್ಲಿ" ಎರಡೇ. ಕನ್ನಡದಲ್ಲಿ ವಿಭಕ್ತಿ ಪ್ರತ್ಯಯ ನಾಮಪದಕ್ಕೆ ಅಂಟಿಕೊಳ್ಳುತ್ತದೆ, ಸಂಧಿ ಎರಡು ಪದಗಳನ್ನು ಒಂದು ಮಾಡುತ್ತದೆ. ಹಾಗಾಗಿ ಕನ್ನಡಕ್ಕೆ ಬಂದಾಗ ಪದಸಂಖ್ಯೆ ಇಳಿಯುತ್ತದೆ, ಕೆಲಸ ಮಾತ್ರ ಇಳಿಯುವುದಿಲ್ಲ. ಮೂಲದ ಪದ ಎಣಿಸಿದರೆ ಕೆಲಸ ಶುರುವಾಗುವ ಮೊದಲೇ ಇಬ್ಬರಿಗೂ ಮೊತ್ತ ಗೊತ್ತಿರುತ್ತದೆ.

ಗಂಟೆಯ ಲೆಕ್ಕ

ದರ ಸಾಕೋ ಸಾಲದೋ ಎಂಬುದನ್ನು ಪದದ ಲೆಕ್ಕ ಹೇಳುವುದಿಲ್ಲ, ಗಂಟೆಯ ಲೆಕ್ಕ ಹೇಳುತ್ತದೆ. 2,000 ಪದಗಳ ಅನುವಾದವನ್ನು ಪದಕ್ಕೆ ಒಂದೂವರೆ ರೂಪಾಯಿಯಂತೆ ಒಪ್ಪಿದಿರಿ ಎನ್ನಿ. 3,000 ರೂಪಾಯಿ ಆಯಿತು. ಮೊದಲ ಕರಡಿಗೆ 7 ಗಂಟೆ, ಪಾರಿಭಾಷಿಕ ಪದಗಳ ಹುಡುಕಾಟಕ್ಕೆ 2, ತಿದ್ದಲು 3. ಒಟ್ಟು 12 ಗಂಟೆ, ಗಂಟೆಗೆ 250 ರೂಪಾಯಿ. ಮೂರು ತಿಂಗಳು ಹೀಗೆ ಸಮಯ ಗುರುತಿಸಿಟ್ಟರೆ ನಿಮ್ಮ ವೇಗ ನಿಮಗೆ ತಿಳಿಯುತ್ತದೆ. ಆಮೇಲೆ ದರ ಹೇಳುವಾಗ ಸಂಕೋಚ ಕಾಡದು, ಗಡುವು ಹೇಳುವಾಗ ತಪ್ಪು ಅಂದಾಜೂ ಆಗದು.

ಕಡತ: ಯುನಿಕೋಡೋ, ನುಡಿಯೋ?

"ನುಡಿಯಲ್ಲಿ ಕಳಿಸಿ" ಎಂಬ ಮಾತು ಡಿಟಿಪಿಯವರಿಂದ ಇಂದಿಗೂ ಬರುತ್ತದೆ. ನುಡಿ, ಬರಹ ತಂತ್ರಾಂಶಗಳ ಹಳೆಯ ಫಾಂಟುಗಳು ರೋಮನ್ ಅಕ್ಷರ ಮತ್ತು ಚಿಹ್ನೆಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದಂಥವು. ಫಾಂಟ್ ಇಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಚಿಹ್ನೆಗಳ ಸಾಲು ಕಾಣುತ್ತದೆ. ಕಡತದೊಳಗೆ ಕನ್ನಡದ ಒಂದು ಪದವನ್ನೂ ಹುಡುಕಲಾಗದು. ಯುನಿಕೋಡಿನಲ್ಲಿ ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವಿದೆ. ಫೋನಿನಲ್ಲಿ ಬರೆದದ್ದು ಬೇರೆ ಯಾವ ಯಂತ್ರದಲ್ಲಿ ತೆರೆದರೂ ಕನ್ನಡವಾಗಿಯೇ ಉಳಿಯುತ್ತದೆ.

ಹಾಗಿದ್ದರೂ ಮುದ್ರಣಾಲಯಗಳು ಹಳೆಯದನ್ನು ಕೇಳುವುದಕ್ಕೆ ಕಾರಣವಿದೆ. ಪೇಜ್‌ಮೇಕರಿನಂಥ ಹಳೆಯ ಪುಟವಿನ್ಯಾಸ ತಂತ್ರಾಂಶ ಯುನಿಕೋಡ್ ಕನ್ನಡದ ಒತ್ತಕ್ಷರಗಳನ್ನು ಜೋಡಿಸಲಾರದು. ಆದ್ದರಿಂದ ಮೂಲಪ್ರತಿಯನ್ನು ಯಾವಾಗಲೂ ಯುನಿಕೋಡಿನಲ್ಲೇ ಬರೆಯಿರಿ. ಕೇಳಿದವರಿಗೆ ಪರಿವರ್ತಕದಲ್ಲಿ ಹಾಕಿ ನುಡಿ ಪ್ರತಿ ಕೊಡಿ, ಜೊತೆಗೆ ಸರಿಯಾದ ರೂಪ ಕಾಣುವಂತೆ ಒಂದು ಪಿಡಿಎಫ್ ಇರಲಿ. ಪರಿವರ್ತನೆಯಾದ ಮೇಲೆ ಅರ್ಕಾವೊತ್ತು, ವಟ್ರಸುಳಿ, ಉದ್ಧರಣ ಚಿಹ್ನೆ, ನಡುವೆ ಬಂದ ಇಂಗ್ಲಿಷ್ ಪದ, ಇವನ್ನು ಕಣ್ಣಿಟ್ಟು ನೋಡಿ. ಹೆಚ್ಚು ಕೆಡುವುದು ಇಲ್ಲೇ.

ಕೀಲಿಮಣೆ ಕಲಿಯದವರು ಗೂಗಲ್ ಡಾಕ್ಸಿನಲ್ಲಿ ಕನ್ನಡದಲ್ಲೇ ಮಾತಾಡಿ ಕರಡು ತಯಾರಿಸಬಹುದು. ಸಂದರ್ಶನದ ಟಿಪ್ಪಣಿಗೆ ಇದು ಒಳ್ಳೆಯ ನೆರವು. ವಿರಾಮಚಿಹ್ನೆ, ಹೆಸರುಗಳನ್ನು ಕೈಯಾರೆ ತಿದ್ದಲೇಬೇಕು. ಆದರೆ ಬರವಣಿಗೆಯನ್ನೇ ಕಸುಬಾಗಿಸಿಕೊಂಡವರು ಕೆ.ಪಿ. ರಾವ್ ರೂಪಿಸಿದ, ನುಡಿಯಲ್ಲೂ ಇರುವ ಕೀಲಿಮಣೆ ವಿನ್ಯಾಸವನ್ನು ಒಮ್ಮೆ ಕಲಿತುಬಿಡುವುದು ಲೇಸು. ಬೆರಳಿಗೆ ಹತ್ತಿದ ಮೇಲೆ ಅದು ಮರೆಯುವುದಿಲ್ಲ. ಪದಾರ್ಥಕ್ಕೆ ಅಲರ್, ಪದಕಣಜದಂಥ ಆನ್‌ಲೈನ್ ನಿಘಂಟುಗಳು ಉಚಿತವಾಗಿವೆ. ಕೊನೆಯ ಕರಡನ್ನು ಮಾತ್ರ ಕಾಗದದಲ್ಲಿ ಮುದ್ರಿಸಿ ಗಟ್ಟಿಯಾಗಿ ಓದಿ. ಪರದೆಯ ಮೇಲೆ ಕಣ್ಣಿಗೆ ಬೀಳದ ತಪ್ಪು ನಾಲಿಗೆಗೆ ತೊಡರುತ್ತದೆ.

ಹಕ್ಕು ಯಾರದು?

1957ರ ಕೃತಿಸ್ವಾಮ್ಯ ಕಾಯಿದೆಯಂತೆ ಬರೆದ ಕ್ಷಣದಿಂದಲೇ ಹಕ್ಕು ಲೇಖಕರದು, ನೋಂದಣಿ ಕಡ್ಡಾಯವಲ್ಲ. ಲೇಖಕರ ನಂತರವೂ 60 ವರ್ಷ ಅದು ಅವರ ವಾರಸುದಾರರದು. ಸಂಬಳಕ್ಕಿರುವ ಪತ್ರಕರ್ತರ ವಿಚಾರ ಬೇರೆ. ಸ್ವತಂತ್ರವಾಗಿ ಬರೆದುಕೊಟ್ಟ ಲೇಖನವನ್ನು ಪತ್ರಿಕೆ ಪ್ರಕಟಿಸಿದ ಮಾತ್ರಕ್ಕೆ ಅದು ಪತ್ರಿಕೆಯ ಸ್ವತ್ತಾಗುವುದಿಲ್ಲ.

ಹಕ್ಕು ವರ್ಗಾಯಿಸಬೇಕಾದರೆ ಬರಹದಲ್ಲಿ, ಸಹಿಯೊಂದಿಗೆ ಆಗಬೇಕು. ಕರಾರಿನಲ್ಲಿ ಅವಧಿ ನಮೂದಾಗಿರದಿದ್ದರೆ ಅದನ್ನು 5 ವರ್ಷ ಎಂದೂ, ವ್ಯಾಪ್ತಿ ನಮೂದಾಗಿರದಿದ್ದರೆ ಭಾರತ ಎಂದೂ ಕಾಯಿದೆ ಪರಿಗಣಿಸುತ್ತದೆ. ಹಕ್ಕು ಪಡೆದವರು ಒಂದು ವರ್ಷದೊಳಗೆ ಅದನ್ನು ಬಳಸದಿದ್ದರೆ, ಕರಾರಿನಲ್ಲಿ ಬೇರೆ ಷರತ್ತಿಲ್ಲದ ಪಕ್ಷದಲ್ಲಿ, ಆ ವರ್ಗಾವಣೆ ಬಿದ್ದುಹೋಗುತ್ತದೆ. ಹೀಗಿರುವಾಗ "ಸರ್ವಹಕ್ಕುಗಳೂ ಪ್ರಕಾಶಕರದು" ಎಂಬ ಒಂದು ಸಾಲಿಗೆ ಸಹಿ ಹಾಕುವ ಮುನ್ನ ನಿಲ್ಲಿ. ಮುದ್ರಣ, ಇ-ಪುಸ್ತಕ, ಆಡಿಯೊ ಪುಸ್ತಕ, ಅನುವಾದ, ಸಿನಿಮಾ ಎಂದು ಹಕ್ಕುಗಳನ್ನು ಬಿಡಿಸಿ ಬರೆಸಿ. ಮುದ್ರಣಕ್ಕಾಗಿ ಕೊಟ್ಟ ಕತೆ ನಾಳೆ ಧ್ವನಿಯಾದಾಗ ಅದರ ಪಾಲು ಕೇಳಲು ನಿಮಗೆ ಆಧಾರವಿರಬೇಕು.

ಅನುವಾದಕರು ಮೂಲ ಲೇಖಕರ ಅಥವಾ ವಾರಸುದಾರರ ಒಪ್ಪಿಗೆಯನ್ನು ಮೊದಲು ಪಡೆಯಬೇಕು. ಪಡೆದು ಮಾಡಿದ ಅನುವಾದದ ಮೇಲೆ ಅನುವಾದಕರಿಗೂ ತಮ್ಮದೇ ಹಕ್ಕಿದೆ. ಹೆಸರು ಹಾಕಿಸಿಕೊಳ್ಳುವುದೂ ಅದರಲ್ಲಿ ಸೇರಿದೆ.

ಬಿಲ್, ಜ್ಞಾಪನೆ, ತೆರಿಗೆ

ಪ್ರಕಟವಾದ ವಾರದಲ್ಲೇ ಬಿಲ್ ಕಳಿಸಿ. ಸಂಖ್ಯೆ, ದಿನಾಂಕ, ಬರಹದ ಶೀರ್ಷಿಕೆ, ಸಂಚಿಕೆ, ಮೊತ್ತ, ಪ್ಯಾನ್, ಬ್ಯಾಂಕ್ ಖಾತೆ, ಐಎಫ್‌ಎಸ್‌ಸಿ, ಇಷ್ಟು ಒಂದು ಪುಟದಲ್ಲಿರಲಿ. ಹೇಳಿದ ದಿನ ಕಳೆದರೆ ಬಿಲ್ ಸಂಖ್ಯೆ ನಮೂದಿಸಿ ಎರಡು ಸಾಲಿನ ಜ್ಞಾಪನೆ ಸಾಕು. ಸಂಪಾದಕರ ಬದಲು ಲೆಕ್ಕದ ವಿಭಾಗಕ್ಕೆ ಬರೆದರೆ ಸ್ನೇಹಕ್ಕೂ ಧಕ್ಕೆಯಿಲ್ಲ.

ಒಂದೇ ಸಂಸ್ಥೆಯಿಂದ ವರ್ಷದಲ್ಲಿ ಬರುವ ಶುಲ್ಕ 50,000 ರೂಪಾಯಿ ದಾಟಿದರೆ ಅವರು ಶೇ 10ರಷ್ಟು ತೆರಿಗೆ ಮುರಿದುಕೊಂಡು ಕೊಡುತ್ತಾರೆ. ಈ ಮಿತಿ 2025ರ ಏಪ್ರಿಲ್‌ನಿಂದ ಬಂದದ್ದು. ಅದಕ್ಕೆ ಮುಂಚೆ 30,000 ಇತ್ತು. ಮುರಿದ ಹಣ ನಿಮ್ಮ ಪ್ಯಾನ್ ಖಾತೆಯಲ್ಲಿ ಜಮೆಯಾಗಿದೆಯೇ ಎಂದು ಆದಾಯ ತೆರಿಗೆ ಜಾಲತಾಣದಲ್ಲಿ ನೋಡಿ. ಒಟ್ಟು ಆದಾಯಕ್ಕೆ ತೆರಿಗೆ ಬೀಳದಿದ್ದರೆ ರಿಟರ್ನ್ ಸಲ್ಲಿಸಿ ಅದನ್ನು ಹಿಂದಕ್ಕೆ ಪಡೆಯಬಹುದು.

ಸೊನ್ನೆಯನ್ನೂ ಬರೆಯಿರಿ

ಗೆಳೆಯರ ಸಣ್ಣ ಪತ್ರಿಕೆ, ಮೇಷ್ಟರ ಅಭಿನಂದನ ಗ್ರಂಥ, ಊರ ಜಾತ್ರೆಯ ಸ್ಮರಣ ಸಂಚಿಕೆ, ಇವುಗಳಿಗೆ ನಾವು ದುಡ್ಡಿಲ್ಲದೆ ಬರೆಯುತ್ತೇವೆ, ಬರೆಯಬೇಕು ಕೂಡ. ಅವನ್ನೂ ಕಿರ್ದಿಯಲ್ಲಿ ದಾಖಲಿಸಿ, ಮೊತ್ತದ ಕಾಲಂನಲ್ಲಿ ಸೊನ್ನೆ ಎಂದು ಬರೆಯಿರಿ. ಕೊಡುತ್ತೇನೆಂದು ತಿಳಿದು ಕೊಟ್ಟ ಸೊನ್ನೆ ಬೇರೆ, ಕೇಳಲಾರದೆ ಕಳೆದುಕೊಂಡ ಸೊನ್ನೆ ಬೇರೆ. ವರ್ಷದ ಕೊನೆಗೆ ಪುಟ ತಿರುವಿದಾಗ ಎರಡೂ ಬೇರೆ ಬೇರೆ ಕಾಣಬೇಕು. ಮೊದಲಿನದನ್ನು ನಾನು ವರ್ಷಕ್ಕೆ ಆರು ಬರಹಕ್ಕೆ ಇಟ್ಟುಕೊಂಡಿದ್ದೇನೆ. ಎರಡನೆಯದು ಕಳೆದ ದೀಪಾವಳಿಯಿಂದ ಈ ದೀಪಾವಳಿಯವರೆಗೆ ನನ್ನ ಕಿರ್ದಿಯಲ್ಲಿ ಒಂದೂ ಇಲ್ಲ.