ಶಹಾಬಾದಿನ ಶಿಲೆಯಲ್ಲಿ ಟ್ರೈಲೊಬೈಟ್ ಏಕಿಲ್ಲ?

ನಮ್ಮ ಭಾಗದ ಶಾಲೆಗಳಲ್ಲಿ ಓದಿದವರ ಪೈಕಿ ಶಹಾಬಾದ್ ಫರಸಿಯ ಮೇಲೆ ಕುಳಿತು ಅಕ್ಷರ ಕಲಿಯದವರು ವಿರಳ. ಆ ನುಣುಪಾದ ಕಲ್ಲು ಒಂದು ಪುರಾತನ ಸಮುದ್ರದ ತಳವೆಂದು ತಿಳಿದ ವಿದ್ಯಾರ್ಥಿಗಳು, ಪಠ್ಯಪುಸ್ತಕದಲ್ಲಿ ಕಂಡ ಟ್ರೈಲೊಬೈಟ್ ಇಲ್ಲಿಯೂ ದೊರೆಯುವುದೇ ಎಂದು ಕೇಳುವುದು ಸಹಜ. ದೊರೆಯುವುದಿಲ್ಲವೆಂಬುದೇ ಅದಕ್ಕೆ ಉತ್ತರ. ಆದರೆ ಏಕೆ ದೊರೆಯುವುದಿಲ್ಲವೆಂಬುದರಲ್ಲಿ ನಮ್ಮ ನೆಲದ ಹಿರಿಮೆ ಅಡಗಿದೆ.

ಟ್ರೈಲೊಬೈಟ್ ಎಂಬುದು ಏಡಿ, ಚೇಳುಗಳ ದೂರದ ಬಂಧುವಾದ ಸಮುದ್ರಜೀವಿ. ಉದ್ದಕ್ಕೂ ಮೂರು ಭಾಗಗಳಾಗಿ ಕಾಣುವ ಗಟ್ಟಿ ಕವಚ ಅದರ ಗುರುತು. ಸುಮಾರು 52 ಕೋಟಿ ವರ್ಷಗಳ ಹಿಂದೆ ಕಾಣಿಸಿಕೊಂಡ ಈ ಜೀವಿಗಳು ಸುಮಾರು 25 ಕೋಟಿ ವರ್ಷಗಳ ಹಿಂದೆ ಸಂಪೂರ್ಣವಾಗಿ ನಶಿಸಿದವು. ಭಾರತದಲ್ಲಿ ಇವುಗಳ ಅವಶೇಷಗಳು ಹಿಮಾಲಯದ ಕಾಶ್ಮೀರ ಮತ್ತು ಸ್ಪೀತಿಯ ಶಿಲೆಗಳಲ್ಲಿ ದೊರೆತಿವೆ. ಸ್ಪೀತಿಯ ಸಂಗ್ರಹವನ್ನು ಕೂಪರ್ ರೀಡ್ ಎಂಬ ವಿದ್ವಾಂಸರು 1910ರಲ್ಲಿ ವರ್ಣಿಸಿದರು.

ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ್‌ಗಳ ಸುಣ್ಣಗಲ್ಲಾದರೋ ಭೂವಿಜ್ಞಾನಿಗಳು ಭೀಮಾ ಶಿಲಾಸಮೂಹವೆಂದು ಕರೆಯುವ ಸ್ತರಗಳಿಗೆ ಸೇರಿದುದು. ಗ್ರಾನೈಟಿನ ಅಡಿಪಾಯದ ಮೇಲೆ ಮೊದಲು ಮರಳು, ಬಳಿಕ ಸುಣ್ಣದ ನುಣ್ಣನೆಯ ಕೆಸರು ಶಾಂತವಾದ ಆಳವಿಲ್ಲದ ಕಡಲಿನಲ್ಲಿ ಪದರಪದರವಾಗಿ ನೆಲೆಗೊಂಡು ಇವು ರೂಪುಗೊಂಡವು. ಖಣಿಯಲ್ಲಿ ಕಲ್ಲು ಹಲಗೆಯಂತೆ ಸೀಳುವುದಕ್ಕೆ ಈ ಪದರಗಳೇ ಕಾರಣ. ಚಿಂಚೋಳಿಯ ಕಡೆ ಇವುಗಳ ಮೇಲೆ ಹರಡಿರುವ ಕಪ್ಪು ಅಗ್ನಿಶಿಲೆಯ ವಯಸ್ಸು ಸುಮಾರು 6.6 ಕೋಟಿ ವರ್ಷ. ಕೆಳಗಿನ ಸುಣ್ಣಗಲ್ಲು ಟ್ರೈಲೊಬೈಟ್ ಹುಟ್ಟುವುದಕ್ಕೂ ಹಿಂದಿನದು. ಮಳಖೇಡದ ರಾಷ್ಟ್ರಕೂಟರ ವೈಭವ ನಮಗೆ ಬಹು ಪ್ರಾಚೀನ. ಈ ಶಿಲೆಯ ಲೆಕ್ಕದಲ್ಲಿ ಅದು ನಿನ್ನೆಯ ಮಾತು.

ಹಾಗೆಂದು ಆ ಕಡಲು ನಿರ್ಜೀವವಾಗಿರಲಿಲ್ಲ. ಭೀಮಾ ಶಿಲೆಗಳಲ್ಲಿ ಚುವಾರಿಯಾ ಎಂಬ ಪಳೆಯುಳಿಕೆ ದೊರೆತುದು 1983ರಲ್ಲಿ ವರದಿಯಾಯಿತು. ಇದು ಇಂಗಾಲದ ಕಪ್ಪು ಬಿಲ್ಲೆ. ಸಾಮಾನ್ಯವಾಗಿ ಕೆಲವೇ ಮಿಲಿಮೀಟರ್ ಅಗಲದ ವರ್ತುಲ. ಅಮೆರಿಕದ ಗ್ರ್ಯಾಂಡ್ ಕ್ಯಾನ್ಯನ್ ಕಮರಿಯಲ್ಲಿ ದೊರೆತ ಇದಕ್ಕೆ 1899ರಲ್ಲಿ ಹೆಸರಿಟ್ಟ ಚಾರ್ಲ್ಸ್ ವಾಲ್ಕಾಟ್, ಇದನ್ನು ಚಿಪ್ಪಿನ ಪ್ರಾಣಿಯೆಂದು ಬಗೆದಿದ್ದರು. ಇದು ಪಾಚಿಯಂಥ ಜೀವಿಯಾಗಿರಬೇಕೆಂಬುದು ನಂತರದ ಸಾಮಾನ್ಯ ಅಭಿಪ್ರಾಯ. ಟ್ರೈಲೊಬೈಟ್‌ಗಳನ್ನು ಆಜೀವ ಅಭ್ಯಸಿಸಿದ ಈ ಮಹನೀಯರೇ 1909ರಲ್ಲಿ ಕೆನಡಾದ ಬರ್ಜೆಸ್ ಶಿಲೆಯ ಪಳೆಯುಳಿಕೆಗಳನ್ನು ಕಂಡುಹಿಡಿದರು. ಆ ಎರಡು ತಾಣಗಳೂ ಇಂದು ರಾಷ್ಟ್ರೀಯ ಉದ್ಯಾನಗಳು. ಬರ್ಜೆಸ್ ನೆಲೆಗೆ ಮಾರ್ಗದರ್ಶಕರೊಡನೆಯೇ ಹೋಗಬೇಕು. ಅಲ್ಲಿಂದ ಒಂದು ಚೂರು ಕಲ್ಲನ್ನೂ ತರುವಂತಿಲ್ಲ.

ನಮ್ಮಲ್ಲಿಯೂ ಬೆಂಗಳೂರಿನ ಲಾಲ್‌ಬಾಗ್ ಬಂಡೆ, ಚಿತ್ರದುರ್ಗದ ಬಳಿಯ ಮರಡಿಹಳ್ಳಿಯ ದಿಂಬು ಲಾವಾ, ಮಲ್ಪೆಯ ಎದುರಿನ ಸೇಂಟ್ ಮೇರಿ ದ್ವೀಪಗಳ ಶಿಲಾಸ್ತಂಭಗಳು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳೆನಿಸಿವೆ. ಭೀಮಾ ಶಿಲೆಗೆ ಆ ಗೌರವ ದೊರೆತಿಲ್ಲ. ಸನ್ನತಿಯ ಬಳಿ ಸುಣ್ಣಗಲ್ಲಿನ ಮೇಲೆ ಮಾನವನು ಕೊರೆದ ಶಾಸನ, ಶಿಲ್ಪಗಳನ್ನು ನಾವು ಕಾಪಾಡುತ್ತಿದ್ದೇವೆ; ನಿಸರ್ಗವು ಬರೆದ ಶಾಸನವು ಫರಸಿಯಾಗಿ, ಸಿಮೆಂಟಾಗಿ ಕರಗುತ್ತಿದೆ. ಸಾವಿರಾರು ಸಂಸಾರಗಳು ಈ ಖಣಿ, ಕಾರ್ಖಾನೆಗಳನ್ನೇ ನಂಬಿರುವಾಗ ಅವು ನಿಲ್ಲಬೇಕೆಂದು ಯಾರೂ ಹೇಳಲಾರರು. ಆದರೆ ಪುಟ ಸುಡುವ ಮುನ್ನ ಅದನ್ನು ಓದುವುದು ನಮ್ಮ ಕರ್ತವ್ಯವಲ್ಲವೇ?

ಅದಕ್ಕೆ ದೊಡ್ಡ ಸಾಹಸವೇನೂ ಬೇಕಿಲ್ಲ. ಖಣಿಯ ಒಡೆಯರ ಅನುಮತಿ ಪಡೆದು, ಅವರು ಬಿಸುಟ ಚೂರುಗಳನ್ನು ಅಧ್ಯಾಪಕರು ವಿದ್ಯಾರ್ಥಿಗಳೊಡನೆ ಪರೀಕ್ಷಿಸಬಹುದು. ಪದರಗಳ ಮೇಲೆ ಗಿಡದಂತೆ ಕವಲೊಡೆದ ಕಪ್ಪು ಗುರುತುಗಳು ಸಾಮಾನ್ಯವಾಗಿ ಮ್ಯಾಂಗನೀಸಿನ ಕಲೆಗಳೇ ಹೊರತು ಸಸ್ಯವಲ್ಲವೆಂಬ ಎಚ್ಚರವಿರಲಿ. ಯಾವ ಊರು, ಯಾವ ಖಣಿ, ಎಷ್ಟನೆಯ ಪದರ ಎಂಬ ಚೀಟಿಯಿಲ್ಲದ ಕಲ್ಲು ಬರಿಯ ಕಲ್ಲು. ಚೀಟಿಯಿದ್ದರೆ ಅದು ಸಾಕ್ಷಿ. ಇಂತಹ ಸಾಕ್ಷಿಗಳಿಗಾಗಿ ಪ್ರತಿಯೊಂದು ಶಾಲೆಯಲ್ಲಿ ಒಂದು ಗಾಜಿನ ಕಪಾಟು ಇರುವಂತಾದರೆ ಅದು ದಾನಿಗಳಿಗೂ ಹಳೆಯ ವಿದ್ಯಾರ್ಥಿಗಳಿಗೂ ಭೂಷಣ. ನಾವು ಕುಳಿತು ಕಲಿತ ನೆಲವನ್ನೇ ನಮ್ಮ ಮಕ್ಕಳು ಓದಿ ಕಲಿಯುವಂತಾಗಲಿ.