ವಿಮಾನದ ಸ್ವಿಚ್ಚೂ ವಿಧಿವಾಕ್ಯವೂ

ಶಿವಮೊಗ್ಗೆಯ ಸಮೀಪದ ಸೋಗಾನೆಯಲ್ಲಿ 2023ನೆಯ ಇಸವಿಯ ಫೆಬ್ರವರಿ 27ರಂದು ವಿಮಾನನಿಲ್ದಾಣದ ಪ್ರಾರಂಭೋತ್ಸವವು ನಡೆದು, ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಮೊದಲನೆಯ ಪ್ರಯಾಣಿಕರ ವಿಮಾನವು ಅಲ್ಲಿ ಬಂದಿಳಿದಂದಿನಿಂದ, ನಮ್ಮ ಶಿಕಾರಿಪುರ ಸೊರಬ ಸೀಮೆಯ ಜನರಿಗೆ ವಿಮಾನವೆಂಬುದು ಪುಷ್ಪಕದ ಕಥೆಯಾಗಿ ಉಳಿಯದೆ ನೆರೆಯೂರಿನ ಸಂಗತಿಯಾಗಿದೆ. ಅಡಕೆ ಮಂಡಿಗೆಂದು ಶಿವಮೊಗ್ಗೆಗೆ ಹೋದವರು ಅದನ್ನೂ ನೋಡಿಕೊಂಡು ಬರುತ್ತಾರೆ. ಹೈಸ್ಕೂಲಿನ ಹುಡುಗರಲ್ಲಿಯೂ, ಈಚೆಗೆ ಹುಡುಗಿಯರಲ್ಲಿಯೂ, ತಾವು ಪೈಲಟ್ ಆಗಬೇಕೆನ್ನುವವರು ಹುಟ್ಟಿಕೊಂಡಿದ್ದಾರೆ. ಇಂತಹ ಮಾತು ಮನೆಯಲ್ಲಿ ಎದ್ದಾಗ ತಾಯಂದಿರು ಕೇಳುವ ಪ್ರಶ್ನೆ ಒಂದೇ: “ಅಷ್ಟೆತ್ತರದಲ್ಲಿ ಏನಾದರೂ ಕೆಟ್ಟುಹೋದರೆ ಗತಿಯೇನು?” ಪ್ರಶ್ನೆಯು ನ್ಯಾಯವಾದುದು, ನಕ್ಕು ತಳ್ಳಿಬಿಡತಕ್ಕುದಲ್ಲ.

ವಿಮಾನ ನಡೆಸುವುದನ್ನು ಕಲಿಯುವವರು ಮೊದಲು ಏರುವುದು ಸೋಗಾನೆಗೆ ಬರುವಂತಹ ದೊಡ್ಡ ವಿಮಾನವನ್ನಲ್ಲ. ಇಬ್ಬರೋ ನಾಲ್ವರೋ ಕೂಡಬಹುದಾದ, ಒಂದೇ ಎಂಜಿನಿನ ಚಿಕ್ಕ ವಿಮಾನವನ್ನು. ಬೆಂಗಳೂರಿನ ಜಕ್ಕೂರಿನಲ್ಲಿರುವ ಸರಕಾರದ ವೈಮಾನಿಕ ಶಿಕ್ಷಣಶಾಲೆಯಲ್ಲಿ ಇರುವುದೂ ಸೆಸ್ನಾ ಎಂಬ ಹೆಸರಿನ ಇಂತಹ ವಿಮಾನಗಳೇ. ಇವುಗಳಲ್ಲಿ ಏನು ಕೆಡುತ್ತದೆ, ಕೆಟ್ಟುದನ್ನು ಯಾರು ಯಾವ ಕಟ್ಟಳೆಯಿಂದ ಬದಲಾಯಿಸುತ್ತಾರೆ ಎಂಬುದನ್ನು, ವಿದ್ಯುತ್ತಿನ ಒಂದು ಸ್ವಿಚ್ಚನ್ನೇ ನಿದರ್ಶನವಾಗಿ ಹಿಡಿದು ವಾಚಕರ ಮುಂದಿಡುತ್ತೇನೆ. ಸ್ವಿಚ್ಚನ್ನು ಆರಿಸಿಕೊಂಡುದಕ್ಕೆ ಕಾರಣವಿಷ್ಟೆ: ರೆಕ್ಕೆ, ಪ್ರೊಪೆಲರುಗಳ ವಿಷಯವು ನಮಗೆ ದೂರದ್ದು, ಸ್ವಿಚ್ಚಾದರೋ ಪ್ರತಿಯೊಬ್ಬರ ಮನೆಯ ಗೋಡೆಯಲ್ಲಿಯೂ ಇದೆ.

ನಮ್ಮ ಮಲೆನಾಡಿನ ಮನೆಗಳಲ್ಲಿ ಆಷಾಢ ಶ್ರಾವಣಗಳ ಮಳೆಗೆ ಗೋಡೆಯು ತೇವವನ್ನು ಕುಡಿಯುತ್ತದೆ. ಸ್ವಿಚ್ಚಿನ ಒಳಗಿನ ಹಿತ್ತಾಳೆಗೆ ಕಿಲುಬು ಹತ್ತುತ್ತದೆ. ಒತ್ತಿದಾಗ ಚಟಚಟನೆ ಸದ್ದು, ಒಮ್ಮೊಮ್ಮೆ ನೀಲಿಯ ಕಿಡಿ, ಕಮಟು ವಾಸನೆ. ಗೃಹಿಣಿಯು ಹೇಳಿದರೆ ಯಜಮಾನರು “ಇನ್ನೂ ದೀಪ ಹತ್ತುತ್ತಿದೆಯಲ್ಲ, ದೀಪಾವಳಿಗೆ ನೋಡೋಣ” ಎನ್ನುತ್ತಾರೆ. ಫ್ಯೂಸು ಹೋದರಂತೂ, ತಕ್ಕ ತಂತಿಯು ಕೈಗೆ ಸಿಕ್ಕದೆ ದಪ್ಪನೆಯ ತಾಮ್ರದ ತಂತಿಯನ್ನೇ ಸುತ್ತಿ ಕತ್ತಲೆ ಕಳೆದುಕೊಳ್ಳುವವರು ನಮ್ಮಲ್ಲಿ ಅನೇಕರು. ಅಪಾಯವೆಂದು ತಿಳಿದವರೂ ಹಾಗೆ ಮಾಡುವುದನ್ನು ನಾನು ಕಂಡಿದ್ದೇನೆ.

ಸ್ವಿಚ್ಚಿನೊಳಗೆ ನಡೆಯುವುದೇನೆಂದರೆ, ಎರಡು ಲೋಹದ ತುಣುಕುಗಳು ಒಂದನ್ನೊಂದು ಮುಟ್ಟಿದಾಗ ವಿದ್ಯುತ್ತು ಹರಿಯುತ್ತದೆ. ಮುಟ್ಟುವೆಡೆಯಲ್ಲಿ ಕೊಳೆಯೋ ಕಿಲುಬೋ ಸೇರಿದರೆ ಹರಿವಿಗೆ ತಡೆಯುಂಟಾಗುತ್ತದೆ. ತಡೆಯಿರುವಲ್ಲಿ ಶಾಖವು ಹುಟ್ಟುತ್ತದೆ. ಈ ಶಾಖವು ಹರಿವಿನ ವರ್ಗವನ್ನು ಅನುಸರಿಸಿ ಏರುತ್ತದೆ, ಅಂದರೆ ಹರಿವು ಎರಡರಷ್ಟಾದರೆ ಶಾಖವು ನಾಲ್ಕರಷ್ಟು. ಈಗ ಒಂದು ಚಿಕ್ಕ ಲೆಕ್ಕವನ್ನು ಮಾಡೋಣ. ಮನೆಯಲ್ಲಿ 230 ವೋಲ್ಟಿನ ಒತ್ತಡದಲ್ಲಿ 100 ವಾಟಿನ ದೀಪವು ಉರಿಯಲು ಅರ್ಧ ಆಂಪಿಯರಿಗಿಂತ ಕಡಮೆ ಹರಿವು ಸಾಕು. ಚಿಕ್ಕ ವಿಮಾನದಲ್ಲಿ ಇರುವ ಒತ್ತಡವು 14 ಅಥವಾ 28 ವೋಲ್ಟು ಮಾತ್ರ. ಅದೇ 100 ವಾಟಿನ ದೀಪಕ್ಕೆ 14 ವೋಲ್ಟಿನಲ್ಲಿ ಏಳು ಆಂಪಿಯರಿಗೆ ಮೇಲ್ಪಟ್ಟು ಹರಿವು ಬೇಕು. ಹರಿವು ಹದಿನಾರು ಮಡಿ ಹೆಚ್ಚಿತೆಂದಾಯಿತು. ಸ್ವಿಚ್ಚಿನೊಳಗಿನ ತಡೆಯು ಸಮಾನವೆಂದಿಟ್ಟುಕೊಂಡರೆ ಶಾಖವು ಸುಮಾರು 270 ಮಡಿ! ಮನೆಯಲ್ಲಿ ಬರಿಯ ಚಟಚಟ ಸದ್ದಿನಲ್ಲಿ ಮುಗಿಯುವ ದೋಷವು ಅಲ್ಲಿ ಪ್ಲಾಸ್ಟಿಕ್ಕನ್ನು ಕರಗಿಸಬಲ್ಲುದು. ಅಲ್ಲದೆ ಮನೆಯ ವಿದ್ಯುತ್ತು ಸೆಕೆಂಡಿಗೆ ನೂರು ಸಲ ಶೂನ್ಯಕ್ಕಿಳಿದು ದಿಕ್ಕು ಬದಲಿಸುವುದರಿಂದ ಸ್ವಿಚ್ಚಿನ ಕಿಡಿಯು ತಾನಾಗಿಯೇ ಆರಿಹೋಗುತ್ತದೆ. ಚಿಕ್ಕ ವಿಮಾನದ ಬ್ಯಾಟರಿಯಿಂದ ಬರುವ ವಿದ್ಯುತ್ತು ಒಂದೇ ದಿಕ್ಕಿನದಾದುದರಿಂದ ಕಿಡಿಯು ಬೇಗ ಆರದೆ ಲೋಹವನ್ನು ಸುಡುತ್ತದೆ.

ಅಮೆರಿಕದಲ್ಲಿ ಬೀಚ್‌ಕ್ರಾಫ್ಟ್ ಎಂಬ ಪ್ರಸಿದ್ಧವಾದ ಚಿಕ್ಕ ವಿಮಾನಗಳಿವೆ. ಅವುಗಳಲ್ಲಿ ಕೆಲವಕ್ಕೆ ಹಾಕಿದ್ದ ಸ್ವಿಚ್ಚುಗಳು ಎರಡು ಕೆಲಸಗಳನ್ನು ಮಾಡುವಂತಹವು: ದೀಪವನ್ನು ಹತ್ತಿಸಿ ಆರಿಸುವುದೂ ಅವೇ, ಹರಿವು ಮಿತಿಮೀರಿದಾಗ ಫ್ಯೂಸಿನಂತೆ ತಾವಾಗಿ ಕಡಿದುಕೊಳ್ಳುವುದೂ ಅವೇ. ಕಾವಲುಗಾರನೇ ಕಳ್ಳನಾದಂತೆ, ಬೆಂಕಿಯನ್ನು ತಡೆಯಬೇಕಾದ ಈ ಸಾಧನವೇ ಬಿಸಿಯೇರಿ, ಚಾಲಕನು ಕೂಡುವ ಸ್ಥಳದಲ್ಲಿ ಹೊಗೆ ಮತ್ತು ಸುಟ್ಟ ವಾಸನೆ ಬಂದ ವರದಿಗಳು ಸೇರಿದುವು. 2008ರಲ್ಲಿ ಆ ದೇಶದ ಫೆಡರಲ್ ಏವಿಯೇಷನ್ ಅಡ್ಮಿನಿಸ್ಟ್ರೇಷನ್ ಎಂಬ ಸರಕಾರಿ ಸಂಸ್ಥೆಯು, ಆ ಜಾತಿಯ ಸ್ವಿಚ್ಚುಗಳನ್ನು ತೆಗೆದು ಸುಧಾರಿಸಿದ ಸ್ವಿಚ್ಚುಗಳನ್ನು ಹಾಕತಕ್ಕದ್ದೆಂದು ಆಜ್ಞೆ ಮಾಡಿತು.

ಇಲ್ಲಿ ‘ಹಾಕತಕ್ಕದ್ದು’ ಎಂಬ ಪದವನ್ನು ಗಮನಿಸಬೇಕು. ನಮ್ಮ ಅಲಂಕಾರಿಕರು ಉಪದೇಶದಲ್ಲಿ ಪ್ರಭುಸಂಮಿತ, ಮಿತ್ರಸಂಮಿತ, ಕಾಂತಾಸಂಮಿತ ಎಂದು ಮೂರು ಬಗೆ ಹೇಳಿದ್ದಾರೆ. ವಿಮಾನವನ್ನು ಮಾಡಿದ ಕಾರ್ಖಾನೆಯವರು ದೋಷವು ಕಂಡಾಗ ಒಂದು ಪತ್ರಿಕೆಯನ್ನು ಹೊರಡಿಸಿ, ಹೀಗೆ ಮಾಡುವುದು ಒಳ್ಳೆಯದೆಂದು ತಿಳಿಸುತ್ತಾರೆ. ಅದು ಸಾಮಾನ್ಯವಾಗಿ ಮಿತ್ರನ ಮಾತು, ಕೇಳಿದರೆ ಕೇಳಬಹುದು, ಬಿಟ್ಟರೆ ಬಿಡಬಹುದು. ಸರಕಾರವು ‘ಏರ್‌ವರ್ದಿನೆಸ್ ಡೈರೆಕ್ಟಿವ್’ ಎಂಬ ಹಾರಾಟಯೋಗ್ಯತೆಯ ಆಜ್ಞೆಯನ್ನು ಹೊರಡಿಸಿದರೆ ಅದು ಪ್ರಭುವಿನ ಮಾತು. ಗಡುವು ಮೀರಿದ ಮೇಲೆ ಆ ವಿಮಾನವನ್ನು ಹಾರಿಸುವುದೇ ಅಪರಾಧ. ಯಾವ ದೋಷ, ಯಾವ ನಂಬರಿನಿಂದ ಯಾವ ನಂಬರಿನವರೆಗಿನ ವಿಮಾನಗಳು, ಏನು ಮಾಡಬೇಕು, ಎಷ್ಟು ಗಂಟೆ ಹಾರುವುದರೊಳಗೆ ಮಾಡಬೇಕು ಎಂಬುದೆಲ್ಲ ಅದರಲ್ಲಿ ಬರೆದಿರುತ್ತದೆ. ಅಮೆರಿಕದವರು ಒಂದೊಂದು ವಿಮಾನಕ್ಕೆ ಕೂಲಿಯೆಷ್ಟು, ಸಾಮಾನಿನ ಬೆಲೆಯೆಷ್ಟು ಎಂಬ ಅಂದಾಜನ್ನೂ ಕೊಡುತ್ತಾರೆ. ಅವಸರವಿಲ್ಲದಿದ್ದಾಗ ಮೊದಲು ಕರಡನ್ನು ಪ್ರಕಟಿಸಿ ಮಾಲಿಕರ ಆಕ್ಷೇಪಗಳನ್ನು ಕೇಳುತ್ತಾರೆ. ಪ್ರಾಣಾಪಾಯವು ಸಮೀಪವಾಗಿದ್ದರೆ ಕೇಳುವುದಿಲ್ಲ.

ಈ ಆಜ್ಞೆಗಳಲ್ಲಿಯೂ ನಿತ್ಯ ನೈಮಿತ್ತಿಕಗಳೆಂಬ ಭೇದವಿದೆ. ಬೀಚ್‌ಕ್ರಾಫ್ಟಿನ ಸ್ವಿಚ್ಚನ್ನು ಒಮ್ಮೆ ಬದಲಾಯಿಸಿದರೆ ತೀರಿತು. ಸೆಸ್ನಾ ಮೊದಲಾದ ಅನೇಕ ಚಿಕ್ಕ ವಿಮಾನಗಳಲ್ಲಿ ಎಂಜಿನನ್ನು ಚಾಲೂ ಮಾಡುವ ಬೀಗದ ಕೈಯಂತಹ ಒಂದು ಬಗೆಯ ಸ್ವಿಚ್ಚಿಗೆ 1993ರಲ್ಲಿ ಹೊರಟ ಆಜ್ಞೆಯಾದರೋ ಬೇರೆ ತರದ್ದು. ಅದನ್ನು ಬಿಚ್ಚಿ, ಸುಟ್ಟ ತುಣುಕುಗಳಿದ್ದರೆ ಬದಲಾಯಿಸಿ, ಜಿಡ್ಡು ಹಚ್ಚಿ ಜೋಡಿಸುವುದನ್ನು ಪ್ರತಿ 2000 ಗಂಟೆಗಳ ಹಾರಾಟಕ್ಕೊಮ್ಮೆ ಮಾಡುತ್ತಲೇ ಇರಬೇಕು. ನಿತ್ಯಕರ್ಮವನ್ನು ಮಾಡಿದರೆ ಪುಣ್ಯವಿಲ್ಲ, ಬಿಟ್ಟರೆ ಪ್ರತ್ಯವಾಯವುಂಟು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆಯು ನನಗೆ ಸಿಕ್ಕಿಲ್ಲ.

ಮಾಲಿಕನು ತಕರಾರು ಮಾಡುವುದುಂಟು: “ಎಲ್ಲೋ ಹತ್ತಾರು ವಿಮಾನಗಳಲ್ಲಿ ಹೊಗೆ ಬಂದಿತೆಂದು ನನ್ನ ಒಳ್ಳೆಯ ಸ್ವಿಚ್ಚನ್ನೇಕೆ ಕೀಳಬೇಕು? ನನ್ನದು ಚೆನ್ನಾಗಿಯೇ ಇದೆ.” ನಮ್ಮ ಹೆಂಗಸರಿಗೆ ಇದರ ಉತ್ತರವನ್ನು ಹೇಳಿಕೊಡಬೇಕಾಗಿಲ್ಲ. ಅನ್ನವು ಬೆಂದಿತೋ ಇಲ್ಲವೋ ಎಂದು ಅವರು ಪಾತ್ರೆಯ ಅಗುಳುಗಳನ್ನೆಲ್ಲ ಹಿಸುಕಿ ನೋಡುವರೆ? ಒಂದಗುಳಿನಿಂದ ಇಡೀ ಪಾತ್ರೆಯನ್ನು ತಿಳಿಯುವುದಕ್ಕೆ ಶಾಸ್ತ್ರದಲ್ಲಿ ಸ್ಥಾಲೀಪುಲಾಕನ್ಯಾಯವೆಂದು ಹೆಸರು. ಒಂದೇ ಅಚ್ಚಿನಲ್ಲಿ, ಒಂದೇ ಲೋಹದಿಂದ ತಯಾರಾದ ಸ್ವಿಚ್ಚುಗಳಲ್ಲಿ ಕೆಲವು ಒಂದೇ ವಿಧವಾಗಿ ಕೆಟ್ಟರೆ, ಉಳಿದುವು ಒಳ್ಳೆಯವೆಂದಲ್ಲ, ಇನ್ನೂ ಕೆಡಬೇಕಾದುವು ಎಂದೇ ಅರ್ಥ. ಆದರೆ ಖರ್ಚಿನ ಮಾತನ್ನು ನಾನು ಹಗುರವಾಗಿ ಎಣಿಸುವುದಿಲ್ಲ. ಹಳೆಯ ವಿಮಾನವೊಂದನ್ನು ಸಾಕುವುದು ಮುದಿಯೆತ್ತನ್ನು ಸಾಕಿದಂತೆ. ಪದೇ ಪದೇ ಆಜ್ಞೆಗಳು ಬಂದರೆ ಸಾಮಾನ್ಯ ಸ್ಥಿತಿಯ ಮಾಲಿಕನು ಸೋತುಹೋಗುತ್ತಾನೆ.

ಹಾಗಾದರೆ ಇದನ್ನು ಅವನ ಇಷ್ಟಕ್ಕೇ ಏಕೆ ಬಿಡಬಾರದು? ಅಮೆರಿಕದ ಫ್ಲಾರಿಡಾ ಸಂಸ್ಥಾನದ ಸ್ಯಾನ್‌ಫರ್ಡ್ ಎಂಬ ಊರಿನಲ್ಲಿ 2007ನೆಯ ಇಸವಿ ಜುಲೈ 10ರಂದು ನಡೆದುದನ್ನು ಕೇಳಿದವರು ಹಾಗೆನ್ನಲಾರರು. ಹಿಂದಿನ ದಿನ ಸೆಸ್ನಾ 310 ಎಂಬ ಎರಡು ಎಂಜಿನುಗಳ ಚಿಕ್ಕ ವಿಮಾನವನ್ನು ನಡೆಸಿದ ಚಾಲಕನು, ಹವೆಯನ್ನು ತೋರಿಸುವ ರೇಡಾರ್ ಯಂತ್ರವು ಆರಿಹೋಗಿ ಸುಟ್ಟ ವಾಸನೆ ಬಂದುದರಿಂದ, ಅದನ್ನು ನಿಲ್ಲಿಸಿ ಅದರ ಸರ್ಕ್ಯೂಟ್ ಬ್ರೇಕರನ್ನು ಹೊರಕ್ಕೆಳೆದನು. ವಾಸನೆಯು ನಿಂತಿತು. ಇಳಿದ ಮೇಲೆ ಇದನ್ನೆಲ್ಲ ಕಾಗದದಲ್ಲಿ ಬರೆದಿಟ್ಟನು. ತನ್ನ ಕರ್ತವ್ಯವನ್ನು ಅವನು ಮಾಡಿದನು. ಆದರೆ ದೋಷವನ್ನು ಹುಡುಕಿ ಸರಿಪಡಿಸದೆಯೇ ಮರುದಿನ ಅದೇ ವಿಮಾನವನ್ನು ಬೇರೆಯವರು ಹಾರಿಸಿದರು. ಆ ಬ್ರೇಕರನ್ನು ಯಾರೋ ಪುನಃ ಒಳಕ್ಕೆ ಒತ್ತಿದ್ದಿರಬೇಕೆಂದು ತನಿಖೆಯವರು ಊಹಿಸಿದರು. ವಿಮಾನವು ಏರಿದ ಕೆಲವು ನಿಮಿಷಗಳಲ್ಲಿಯೇ ಒಳಗೆ ಹೊಗೆಯೆಂದು ಚಾಲಕರು ಕೂಗಿ ಹೇಳಿದರು. ಹತ್ತಿರದ ನಿಲ್ದಾಣವನ್ನು ಮುಟ್ಟುವ ಮೊದಲೇ ಅದು ಜನವಸತಿಯ ಬೀದಿಯಲ್ಲಿ ಬಿದ್ದು ಎರಡು ಮನೆಗಳು ಉರಿದುಹೋದುವು. ವಿಮಾನದಲ್ಲಿದ್ದ ಇಬ್ಬರೂ ಸತ್ತರು. ಸತ್ತವರ ಸಂಖ್ಯೆಯು ಐದು. ಉಳಿದ ಮೂವರು ವಿಮಾನಕ್ಕೆ ಯಾವ ವಿಧವಾದ ಸಂಬಂಧವೂ ಇಲ್ಲದವರು, ತಮ್ಮ ಮನೆಯಲ್ಲಿ ತಾವಿದ್ದವರು. ಅವರಲ್ಲಿ ಇಬ್ಬರು ಎಳೆಯ ಮಕ್ಕಳು.

ಚಿಕ್ಕ ವಿಮಾನಗಳಲ್ಲಿ ವಿದ್ಯುತ್ತಿನ ದೋಷವು ಹಿಂದೆ ಇಷ್ಟು ಭಯಂಕರವಾಗಿರಲಿಲ್ಲವೆಂದು ಹೇಳುವವರಿದ್ದಾರೆ. ಅದರಲ್ಲಿ ಒಂದಂಶ ಸತ್ಯವಿದೆ. ಹಳೆಯ ಬಗೆಯ ಎಂಜಿನಿನಲ್ಲಿ ಕಿಡಿಯನ್ನು ಹುಟ್ಟಿಸುವುದು ‘ಮ್ಯಾಗ್ನೆಟೊ’ ಎಂಬ ಸ್ವತಂತ್ರ ಯಂತ್ರ. ಎಂಜಿನು ತಿರುಗುತ್ತಿರುವವರೆಗೆ ಅದೂ ತಿರುಗಿ ತನ್ನ ಕಿಡಿಯನ್ನು ತಾನೇ ಕೊಡುತ್ತದೆ. ಒಂದು ಕೆಟ್ಟರೆ ಇರಲೆಂದು ಎರಡನ್ನು ಇಟ್ಟಿರುತ್ತಾರೆ. ಬ್ಯಾಟರಿಯು ಪೂರ್ತಿಯಾಗಿ ಸತ್ತರೂ ದೀಪವೂ ರೇಡಿಯೊವೂ ಹೋದಾವು, ಎಂಜಿನು ನಿಲ್ಲದು. ಈಚಿನ ಕೆಲವು ಎಂಜಿನುಗಳಲ್ಲಿ ಇಂಧನವನ್ನು ಅಳೆದು ಬಿಡುವ ಕೆಲಸವು ವಿದ್ಯುತ್ತಿನಿಂದ ನಡೆಯುವ ಪುಟ್ಟ ಕಂಪ್ಯೂಟರಿಗೆ ಸೇರಿದೆ. ವಿದ್ಯುತ್ತಿಲ್ಲದೆ ಅದಿಲ್ಲ, ಅದಿಲ್ಲದೆ ಎಂಜಿನಿಲ್ಲ. ಜರ್ಮನಿಯ ಸ್ಪೇಯರ್ ಎಂಬಲ್ಲಿ 2007ರಲ್ಲಿಯೇ ಡೈಮಂಡ್ ಡಿಎ 42 ಎಂಬ ಎರಡು ಎಂಜಿನುಗಳ ವಿಮಾನವೊಂದರ ಬ್ಯಾಟರಿಯು ಬರಿದಾಗಿತ್ತು. ಹೊರಗಿನ ವಿದ್ಯುತ್ತನ್ನು ಕೊಟ್ಟು ಎಂಜಿನುಗಳನ್ನು ಚಾಲೂ ಮಾಡಿಕೊಂಡು ಮೇಲೇರಿದರು. ಚಕ್ರಗಳನ್ನು ಒಳಕ್ಕೆಳೆದುಕೊಳ್ಳುವಾಗ ವಿದ್ಯುತ್ತಿನ ಒತ್ತಡವು ಕ್ಷಣಕಾಲ ಕುಸಿಯಿತು, ಎರಡು ಎಂಜಿನುಗಳೂ ಒಟ್ಟಿಗೆ ನಿಂತುಬಿಟ್ಟುವು. ದೈವವಶಾತ್ ಪ್ರಾಣಹಾನಿಯಾಗಲಿಲ್ಲ. ತರುವಾಯ ಆ ಕಂಪ್ಯೂಟರುಗಳಿಗೆಂದೇ ಬೇರೆ ಬ್ಯಾಟರಿಗಳನ್ನು ಇಡತಕ್ಕದ್ದೆಂದು ಯುರೋಪಿನಲ್ಲಿಯೂ ಅಮೆರಿಕದಲ್ಲಿಯೂ ಆಜ್ಞೆಗಳಾದುವು.

ಇದು ಪರದೇಶದ ಮಾತೆಂದು ಸುಮ್ಮನಿರುವಂತಿಲ್ಲ. ಬೆಂಗಳೂರಿನ ನ್ಯಾಷನಲ್ ಏರೋಸ್ಪೇಸ್ ಲ್ಯಾಬೊರೇಟರೀಸ್ ಸಂಸ್ಥೆಯವರು ನಿರ್ಮಿಸಿ 1993ರಲ್ಲಿ ಮೊದಲು ಹಾರಿಸಿದ ‘ಹಂಸ’ ಎಂಬ ಎರಡು ಆಸನಗಳ ವಿಮಾನದ ಹೊಸ ರೂಪವು 2021ರ ಸೆಪ್ಟೆಂಬರ್ 3ರಂದು ಆಕಾಶಕ್ಕೇರಿತು. ಅದರ ಎಂಜಿನೂ ಇಂತಹ ಕಂಪ್ಯೂಟರಿನ ಅಧೀನವಾದುದೇ. ಆದುದರಿಂದ ಅದಕ್ಕೆ ವಿದ್ಯುತ್ತನ್ನು ಹುಟ್ಟಿಸುವ ಎರಡು ಬೇರೆ ಬೇರೆ ಜನಕಗಳಿವೆ. ಇಲ್ಲಿ ಪ್ರಾಸಂಗಿಕವಾಗಿ ಒಂದು ಮಾತು. ನಾನು ಸಂಸ್ಕೃತವನ್ನು ಓದಿದವನೆಂದು ತಿಳಿದು ‘ವೈಮಾನಿಕ ಶಾಸ್ತ್ರ’ವೆಂಬ ಗ್ರಂಥದ ವಿಷಯವನ್ನು ಅನೇಕರು ಕೇಳುತ್ತಾರೆ. ಬೆಂಗಳೂರಿನ ವಿಜ್ಞಾನ ಮಂದಿರದ ಐವರು ವಿದ್ವಾಂಸರು 1974ರಲ್ಲಿ ಅದನ್ನು ಪರೀಕ್ಷಿಸಿ, ಅದು 1904ಕ್ಕಿಂತ ಹಿಂದಿನದಲ್ಲವೆಂದೂ ಅದರಲ್ಲಿ ವರ್ಣಿಸಿದ ವಿಮಾನಗಳು ಹಾರಲಾರವೆಂದೂ ತೋರಿಸಿದ್ದಾರೆ. ಕೆಟ್ಟ ಸ್ವಿಚ್ಚನ್ನು ಕುರಿತ ಎರಡು ಪುಟದ ಒಣ ಆಜ್ಞೆಯಲ್ಲಿರುವ ಶಾಸ್ತ್ರವು ನನಗೆ ಅದಕ್ಕಿಂತ ಹೆಚ್ಚು ಪ್ರಾಮಾಣಿಕವಾಗಿ ತೋರುತ್ತದೆ.

ನಮ್ಮ ದೇಶದಲ್ಲಿ ಈ ಅಧಿಕಾರವು ನಾಗರಿಕ ವಿಮಾನಯಾನದ ಮಹಾನಿರ್ದೇಶನಾಲಯಕ್ಕೆ ಸೇರಿದೆ. 1934ರ ವಿಮಾನ ಕಾಯಿದೆಯು ಹೋಗಿ, 2025ರ ಜನವರಿ 1ರಿಂದ ಭಾರತೀಯ ವಾಯುಯಾನ ಅಧಿನಿಯಮವು ಜಾರಿಯಲ್ಲಿದೆ. ವಿಮಾನವನ್ನು ರೂಪಿಸಿದ ದೇಶದ ಸರಕಾರವು ಹೊರಡಿಸಿದ ಆಜ್ಞೆಯು, ಇಲ್ಲಿ ದಾಖಲಾಗಿರುವ ಅದೇ ಜಾತಿಯ ವಿಮಾನಕ್ಕೂ ಕಡ್ಡಾಯ. ಅಮೆರಿಕದಲ್ಲಿ ಸೆಸ್ನಾದ ಒಂದು ಸ್ವಿಚ್ಚಿಗೆ ವಿಧಿಯಾದರೆ ಜಕ್ಕೂರಿನ ಸೆಸ್ನಾಕ್ಕೂ ವಿಧಿಯೇ. ಹಂಸದಂತಹ ಸ್ವದೇಶದ ವಿಮಾನಕ್ಕಾದರೆ ಮಹಾನಿರ್ದೇಶನಾಲಯವೇ ಪ್ರಭು.

ಆದುದರಿಂದ ಮಗನನ್ನೋ ಮಗಳನ್ನೋ ವಿಮಾನ ಕಲಿಯಲು ಕಳುಹಿಸುವ ತಂದೆತಾಯಿಗಳು, ಶಾಲೆಯ ಕಟ್ಟಡವನ್ನೂ ಶುಲ್ಕವನ್ನೂ ವಿಚಾರಿಸಿದಂತೆಯೇ ಇನ್ನೊಂದನ್ನೂ ವಿಚಾರಿಸಬಹುದು. ಪ್ರತಿಯೊಂದು ವಿಮಾನಕ್ಕೂ ಅದರ ಜಾತಕದಂತಹ ಲಾಗ್ ಪುಸ್ತಕವಿರುತ್ತದೆ. ಆ ವಿಮಾನಕ್ಕೆ ಅನ್ವಯಿಸುವ ಆಜ್ಞೆಗಳು ಯಾವುವು, ಯಾವ ತಾರೀಖಿನಲ್ಲಿ, ಎಷ್ಟು ಗಂಟೆ ಹಾರಿದ ಮೇಲೆ ಅವುಗಳನ್ನು ನೆರವೇರಿಸಲಾಯಿತು, ಪುನಃ ಮಾಡಬೇಕಾದುದು ಯಾವಾಗ ಎಂಬುದನ್ನು ಅದರೊಡನೆ ಬರೆದಿಡಬೇಕು. ಕೆಲಸವನ್ನು ಪ್ರಮಾಣೀಕರಿಸುವ ಲೈಸೆನ್ಸುಳ್ಳ ಎಂಜಿನಿಯರನು ಅದಕ್ಕೆ ರುಜು ಹಾಕಬೇಕು. ಅದನ್ನು ತೋರಿಸಿರೆಂದು ವಿನಯದಿಂದ ಕೇಳಿದರೆ ಒಳ್ಳೆಯ ಶಾಲೆಯವರು ಬೇಸರಪಡುವುದಿಲ್ಲ.